ಮೂರನೇ ಪಿನ್ನಿನ ಹಿಂದೆ ಒಬ್ಬ ಓಡಿಹೋದ ಕೆಲಸದ ಹುಡುಗ

ಗಲ್ಫ್‌ನ ಹೆಚ್ಚಿನ ರೂಮುಗಳಲ್ಲಿ ಗೋಡೆಯ ಸಾಕೆಟ್‌ಗೆ ಮೂರು ತೂತು. ಮೇಲಿನ ತೂತಿಗೆ ಪೆನ್ಸಿಲ್ಲೋ ಕಡ್ಡಿಯೋ ಚುಚ್ಚಿ, ಕೆಳಗಿನ ಎರಡಕ್ಕೆ ಎರಡು ಪಿನ್ನಿನ ಪ್ಲಗ್ ತುರುಕುವ ವಿದ್ಯೆ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತು. ಮೊಬೈಲ್ ಚಾರ್ಜರ್‌ಗೂ ಅದು ಒಳ್ಳೇ ಅಭ್ಯಾಸ ಅಲ್ಲ. ಆದ್ರೆ ಮರ ಕೊಯ್ಯುವ ಟೇಬಲ್ ಸಾ, ಪ್ಲೇನರ್ ಇಂಥ ಕಬ್ಬಿಣದ ಮೈಯ ಮೆಷಿನ್‌ಗಳಿಗೆ ಹಾಗೆ ಮಾಡಿದ್ರೆ ಅದು ಜೀವದ ಜೊತೆ ಆಟ. ಯಾಕಂದ್ರೆ ಆ ಮೇಲಿನ ತೂತು ಅರ್ಥಿಂಗ್‌ಗೆ ಇರೋದು.

ಕರೆಂಟಿಗೆ ಮನುಷ್ಯನ ಮೈಯನ್ನು ಬಿಟ್ಟು ಬೇರೆ ಸುಲಭದ ದಾರಿ ಮಾಡಿಕೊಡಬೇಕು ಅನ್ನುವ ವಿಚಾರವನ್ನು ಸುಮಾರು 270 ವರ್ಷಗಳ ಹಿಂದೆ ಜಗತ್ತಿಗೆ ತೋರಿಸಿಕೊಟ್ಟವರು ಬೆಂಜಮಿನ್ ಫ್ರಾಂಕ್ಲಿನ್. ಎಕ್ಸ್‌ಚೇಂಜ್‌ನಲ್ಲಿ 100 ಡಾಲರ್ ನೋಟು ನೋಡಿದವರಿಗೆ ಅವರ ಮುಖ ಗೊತ್ತಿರುತ್ತೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಆದ್ರೆ ಅವರ ಬದುಕು ಶುರುವಾದ ರೀತಿ ನೋಡಿದ್ರೆ, ನಮ್ಮ ಲೇಬರ್ ಕ್ಯಾಂಪಿನ ಯಾವುದೋ ಹುಡುಗನ ಕಥೆಯ ಹಾಗೇ ಇದೆ.

ತಂದೆ ಜೋಸಾಯಾ ಇಂಗ್ಲೆಂಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸದವರು. 1683ರಲ್ಲಿ ಹಡಗು ಹತ್ತಿ ಅಮೆರಿಕದ ಬಾಸ್ಟನ್‌ಗೆ ಬಂದರು. ಅಲ್ಲಿ ಬಣ್ಣದ ಕೆಲಸಕ್ಕೆ ಗಿರಾಕಿ ಇಲ್ಲ. ಕಸುಬು ಬದಲಿಸಿ ಕೊಬ್ಬಿನಿಂದ ಮೇಣದಬತ್ತಿ, ಸೋಪು ಮಾಡತೊಡಗಿದರು. ಹದಿನೇಳು ಮಕ್ಕಳಲ್ಲಿ ಹದಿನೈದನೆಯವ ಬೆಂಜಮಿನ್, ಹುಟ್ಟಿದ್ದು 1706ರ ಜನವರಿ 17. ಶಾಲೆಗೆ ಹೋಗಿದ್ದು ಎರಡು ವರ್ಷ ಅಷ್ಟೇ. ಹತ್ತನೇ ವಯಸ್ಸಿಗೆ ಅಪ್ಪನ ಅಂಗಡಿಯಲ್ಲಿ ಬತ್ತಿ ಕತ್ತರಿಸುವ ಕೆಲಸ. ಹುಡುಗನಿಗೆ ಅದು ಹಿಡಿಸಲಿಲ್ಲ, ಸಮುದ್ರಕ್ಕೆ ಹೋಗ್ತೀನಿ ಅಂತ ಹಟ. ಮಗ ಎಲ್ಲಿ ಓಡಿಹೋಗ್ತಾನೋ ಅನ್ನುವ ಹೆದರಿಕೆಗೆ ಅಪ್ಪ ಅವನ ಕೈ ಹಿಡಿದು ಊರಿನ ಬಡಗಿಗಳು, ಗಾರೆಯವರು, ಕಡೆತದ ಕೆಲಸದವರು, ಕಂಚುಗಾರರು ಕೆಲಸ ಮಾಡುವ ಜಾಗಗಳಿಗೆ ಕರೆದುಕೊಂಡು ಹೋದರು. ಒಳ್ಳೇ ಕೆಲಸಗಾರ ಹತ್ಯಾರು ಹಿಡಿಯುವ ರೀತಿ ನೋಡೋದು ಆ ಹುಡುಗನಿಗೆ ಮುಪ್ಪಿನವರೆಗೂ ಇಷ್ಟದ ವಿಷಯವಾಗೇ ಉಳಿಯಿತು. ಮುಂದೆ ಪ್ರಯೋಗಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು ಅವರೇ ಮಾಡಿಕೊಳ್ಳುತ್ತಿದ್ದದ್ದು ಈ ತಿರುಗಾಟದ ಫಲ.

ಹನ್ನೆರಡನೇ ವಯಸ್ಸಿಗೆ ಅಣ್ಣ ಜೇಮ್ಸ್‌ನ ಪ್ರೆಸ್‌ಗೆ ಸೇರಿಸಿದರು. ಇಪ್ಪತ್ತೊಂದು ವರ್ಷ ತುಂಬುವವರೆಗೆ ಬಿಟ್ಟುಹೋಗುವಂತಿಲ್ಲ ಅಂತ ಕರಾರು. ಅಣ್ಣ ಹೊಡೀತಿದ್ದ. 1723ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಕೆಲವು ಪುಸ್ತಕ ಮಾರಿ ಹಡಗಿನ ದುಡ್ಡು ಹೊಂದಿಸಿಕೊಂಡು ಗುಟ್ಟಾಗಿ ಊರು ಬಿಟ್ಟ. ಇವತ್ತಿನ ಗಲ್ಫ್ ಭಾಷೆಯಲ್ಲಿ ಹೇಳಬೇಕಂದ್ರೆ ಅಬ್‌ಸ್ಕಾಂಡಿಂಗ್. ನ್ಯೂಯಾರ್ಕ್‌ನಲ್ಲಿ ಕೆಲಸ ಸಿಗದೆ ಫಿಲಡೆಲ್ಫಿಯಾ ತಲುಪಿದಾಗ ಜೇಬಿನಲ್ಲಿ ಒಂದು ಡಾಲರ್, ಸ್ವಲ್ಪ ತಾಮ್ರದ ಚಿಲ್ಲರೆ. ಮೂರು ದೊಡ್ಡ ಬನ್ ಕೊಂಡು ಒಂದನ್ನು ತಿಂದು, ಉಳಿದೆರಡನ್ನು ಜೊತೆಗೆ ದೋಣಿಯಲ್ಲಿ ಬಂದ ತಾಯಿ ಮಗುವಿಗೆ ಕೊಟ್ಟ.

ಅಲ್ಲಿ ಗವರ್ನರ್ ವಿಲಿಯಂ ಕೀತ್ ಹುಡುಗನ ಕೆಲಸ ಮೆಚ್ಚಿ ಲಂಡನ್‌ಗೆ ಹೋಗು, ಪ್ರೆಸ್ ಸಾಮಾನು ಕೊಳ್ಳೋಕೆ ಸಾಲದ ಪತ್ರ ನಾನು ಕೊಡ್ತೀನಿ ಅಂತ ಮಾತು ಕೊಟ್ಟರು. 1724ರಲ್ಲಿ ಹಡಗು ಲಂಡನ್ ಹತ್ತಿರ ಬಂದಾಗ ಟಪಾಲು ಚೀಲ ನೋಡಿದರೆ ಅದರಲ್ಲಿ ಅಂಥ ಪತ್ರವೇ ಇಲ್ಲ. ಏಜೆಂಟ್ ಮಾತು ನಂಬಿ ಏರ್‌ಪೋರ್ಟಿನಲ್ಲಿ ಇಳಿದು, ಬರಬೇಕಾದ ಕಂಪನಿ ಗಾಡಿಗಾಗಿ ಕಾದವರಿಗೆ ಆ ಗಳಿಗೆ ಹೇಗಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದಲ್ಲಿ ಪ್ರೆಸ್ ಕೂಲಿಯಾಗಿ ದುಡಿದು, 1726ರಲ್ಲಿ ವಾಪಸ್ ಬಂದರು.

ಮುಂದಿನದು ಬೇಗ ಬೇಗ. ಸ್ವಂತ ಪ್ರೆಸ್, ಪತ್ರಿಕೆ, ಪಂಚಾಂಗದಂಥ ವಾರ್ಷಿಕ ಪುಸ್ತಕ, ಊರಿಗೆ ಲೈಬ್ರರಿ, 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ಪಡೆ. ಅವರ ಪತ್ರಿಕೆಯಲ್ಲಿ ಓಡಿಹೋದ ಆಳುಗಳನ್ನು, ಗುಲಾಮರನ್ನು ಹಿಡಿದುಕೊಡಿ ಅನ್ನುವ ಜಾಹೀರಾತು ಬರ್ತಿತ್ತು ಅನ್ನೋದನ್ನೂ ಹೇಳಬೇಕು. ಸ್ವತಃ ಓಡಿಬಂದವರ ಮನೆಯಲ್ಲೂ ಗುಲಾಮರಿದ್ದರು. ಕೊನೆಗಾಲಕ್ಕೆ ಮನಸ್ಸು ಬದಲಾಗಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. ಆದರೂ ಮೊದಲಿನದು ಇಲ್ಲವಾಗುವುದಿಲ್ಲ.

ವಿದ್ಯುತ್ತಿನ ಹುಚ್ಚು ಹಿಡಿದದ್ದು ನಲವತ್ತರ ಆಸುಪಾಸಿನಲ್ಲಿ. ಲಂಡನ್ನಿನ ಪೀಟರ್ ಕಾಲಿನ್ಸನ್ ಅನ್ನುವ ವ್ಯಾಪಾರಿ ಲೈಬ್ರರಿಗೆ ಒಂದು ಗಾಜಿನ ಕೊಳವೆ ಕಳಿಸಿದ್ದರು. ಬಟ್ಟೆಯಿಂದ ಉಜ್ಜಿದ್ರೆ ಕಿಡಿ ಬರುವಂಥದ್ದು. ಎಸಿ ರೂಮಿನಲ್ಲಿ ಬಾಗಿಲ ಹಿಡಿ ಮುಟ್ಟಿದಾಗ ಚಟ್ ಅನ್ನುತ್ತಲ್ಲ, ಅದೇ. ಮರದ ಹುಡಿ ಎಳೆಯುವ ಪಿವಿಸಿ ಪೈಪ್ ಹತ್ತಿರ ಕೈ ಹೋದಾಗ ಹೊಡೆಯುವುದೂ ಅದೇ. ಹುಡಿ ಪೈಪಿನ ಒಳಗೆ ಉಜ್ಜುತ್ತಾ ಹೋಗಿ ಚಾರ್ಜ್ ಕೂಡುತ್ತೆ. ಆ ಏಟು ಸಣ್ಣದು, ಆದ್ರೆ ಬ್ಲೇಡ್ ಹತ್ತಿರ ಇರುವ ಕೈ ಬೆಚ್ಚಿ ಸರಿದರೆ ಸಣ್ಣದಲ್ಲ. ಉಜ್ಜಿದಾಗ ವಿದ್ಯುತ್ ಹೊಸದಾಗಿ ಹುಟ್ಟಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತೆ ಅಷ್ಟೇ ಎಂದು ಫ್ರಾಂಕ್ಲಿನ್ ಕಂಡುಕೊಂಡರು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಪ್ಲಸ್, ಮೈನಸ್ ಅನ್ನುವ ಮಾತನ್ನು ವಿದ್ಯುತ್ತಿಗೆ ಹಚ್ಚಿದವರೂ ಅವರೇ. ಎರಡೂ ಸಮ ಆಗೋಕೆ ಅದು ದಾರಿ ಹುಡುಕ್ತಾ ಇರುತ್ತೆ.

ಅವರ ಒಂದು ಪ್ರಯೋಗವನ್ನು ಪ್ರತಿ ಕಾರ್ಪೆಂಟರೂ ತಿಳಿದಿರಬೇಕು ಅಂತ ನನಗನ್ನಿಸುತ್ತೆ. ಚಾರ್ಜ್ ಆದ ಕಬ್ಬಿಣದ ಗುಂಡಿನ ಹತ್ತಿರ ಚೂಪಾದ ಲೋಹದ ಅಲಗು ಹಿಡಿದರೆ, ಮುಟ್ಟದೇ ಇದ್ರೂ ಗುಂಡಿನ ಚಾರ್ಜ್ ಇಳಿದುಹೋಗ್ತಿತ್ತು. ಅದೇ ಅಲಗನ್ನು ಅರಗಿನ ಕಡ್ಡಿಗೆ ಸಿಕ್ಕಿಸಿ ಹಿಡಿದರೆ ಏನೂ ಆಗ್ತಿರಲಿಲ್ಲ, ಯಾಕಂದ್ರೆ ಅರಗು ಕರೆಂಟ್ ಬಿಡಲ್ಲ. ಆಮೇಲೆ ಅರಗಿನ ಮೇಲೆ ಬೆರಳು ಜಾರಿಸಿ ಅಲಗನ್ನು ಮುಟ್ಟಿದ ಕೂಡಲೇ ಚಾರ್ಜ್ ಮಾಯ! ಲೋಹ ಒಂದೇ ಸಾಲದು, ಅದಕ್ಕೆ ನೆಲದವರೆಗೆ ದಾರಿ ಬೇಕು. ಆ ದಾರಿ ಅಲ್ಲಿ ಮನುಷ್ಯನ ಬೆರಳು, ಮೈ, ಕಾಲು.

ಕಲಿತ ಪಾಠವನ್ನು ಅವರೇ ಒಮ್ಮೆ ಮರೆತರು. 1750ರ ಡಿಸೆಂಬರ್‌ನಲ್ಲಿ, ಎರಡು ದೊಡ್ಡ ಲೇಡನ್ ಜಾಡಿಗಳಲ್ಲಿ ತುಂಬಿಟ್ಟ ವಿದ್ಯುತ್ತಿನಿಂದ ಟರ್ಕಿ ಕೋಳಿ ಕೊಲ್ಲುವ ಪ್ರಯೋಗ. ಸುತ್ತ ಜನ, ಮಾತುಕತೆ. ಕೈ ಎಲ್ಲಿಡ್ತಾ ಇದ್ದೀನಿ ಅನ್ನೋದು ತಪ್ಪಿ, ಇಡೀ ಏಟು ಅವರ ತೋಳುಗಳ ಮೂಲಕ ಮೈಗೆ ಹೊಡೆಯಿತು. ಬೆಳಕು, ಪಿಸ್ತೂಲಿನಂಥ ಸದ್ದು ನೋಡಿದವರಿಗೆ ಗೊತ್ತಾಯಿತು. ಅವರಿಗೆ ಕಾಣಲೂ ಇಲ್ಲ, ಕೇಳಲೂ ಇಲ್ಲ. ಮೈ ಗಡಗಡ ನಡುಗಿತು, ತೋಳು, ಕುತ್ತಿಗೆ ಮರುದಿನ ಬೆಳಿಗ್ಗೆವರೆಗೂ ಜೋಮು. ನಾಚಿಕೆಯಿಂದಲೇ ಅಣ್ಣನಿಗೆ ಕಾಗದ ಬರೆದು ಇದನ್ನೆಲ್ಲ ತಿಳಿಸಿದರು.

ಸಿಡಿಲೂ ಇದೇ ವಿದ್ಯುತ್ ಅನ್ನುವ ಅವರ ಊಹೆಯನ್ನು 1752ರ ಮೇ ತಿಂಗಳಲ್ಲಿ ಫ್ರಾನ್ಸ್‌ನಲ್ಲಿ ಎತ್ತರದ ಕಬ್ಬಿಣದ ಸಲಾಕೆ ನಿಲ್ಲಿಸಿ ಸಾಬೀತು ಮಾಡಿದರು. ಅದೇ ವರ್ಷ ಫ್ರಾಂಕ್ಲಿನ್ ಮಗನ ಜೊತೆ ಗಾಳಿಪಟ ಹಾರಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಗಾಳಿಪಟಕ್ಕೆ ಸಿಡಿಲು ಬಡಿಯಲಿಲ್ಲ. ಮೋಡದಿಂದ ಸ್ವಲ್ಪ ಚಾರ್ಜ್ ಇಳಿದು ಬಂತು ಅಷ್ಟೇ. ಬಡಿದಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಅವರು ಸೂರಿನಡಿ ನಿಂತು, ಒಣಗಿದ ರೇಷ್ಮೆ ಪಟ್ಟಿಯಿಂದ ದಾರ ಹಿಡಿದಿದ್ದರು. ಸಲಾಕೆಯ ಪ್ರಯೋಗ ಮಾಡುವವರಿಗೂ ಒಂದು ಸಲಹೆ ಬರೆದಿದ್ದರು: ಅರಗಿನ ಹಿಡಿ ಇರುವ, ಇನ್ನೊಂದು ತುದಿ ನೆಲದ ಸಂಪರ್ಕಕ್ಕೆ ಕಟ್ಟಿದ ತಂತಿಯಿಂದ ಸಲಾಕೆಯನ್ನು ಮುಟ್ಟಿ, ಆಗ ಕಿಡಿ ತಂತಿಯಲ್ಲಿ ಹೋಗುತ್ತೆ, ನಿಮ್ಮ ಮೈಯಲ್ಲಿ ಅಲ್ಲ.

ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗಿಯೋರ್ಗ್ ರಿಚ್ಮನ್ ಅನ್ನುವ ಪ್ರೊಫೆಸರ್ ಮಾಳಿಗೆಯ ಸಲಾಕೆಯಿಂದ ಮನೆಯೊಳಗೆ ಅಳತೆಯ ಸಾಧನಕ್ಕೆ ಸಂಪರ್ಕ ಕೊಟ್ಟಿದ್ದರು. ಅಲ್ಲಿಂದ ಮುಂದೆ ನೆಲಕ್ಕೆ ಸಂಪರ್ಕ ಇರಲಿಲ್ಲ. 1753ರ ಆಗಸ್ಟ್ 6ರಂದು ಗುಡುಗು ಕೇಳಿ ಓಡಿ ಬಂದು ಅಳತೆ ನೋಡೋಕೆ ಬಗ್ಗಿದರು. ಕಬ್ಬಿಣದಿಂದ ಹಾರಿದ ಬೆಂಕಿ ಹಣೆಗೆ ಬಡಿದು ಅಲ್ಲೇ ಸತ್ತರು, ಕಾಲಿನ ಶೂ ಹರಿದಿತ್ತು. ಪಕ್ಕದಲ್ಲಿದ್ದ ಕೆತ್ತನೆಗಾರ ಸೊಕೊಲೊವ್ ಎಚ್ಚರ ತಪ್ಪಿ ಬಿದ್ದು, ಬದುಕಿದರು. ತುದಿ ನೆಲ ಮುಟ್ಟಿದ್ದರೆ ರಿಚ್ಮನ್ ಉಳಿಯುವ ಸಾಧ್ಯತೆ ಇತ್ತು.

ಆ ವರ್ಷದ ತಮ್ಮ ಪಂಚಾಂಗದಲ್ಲೇ ಫ್ರಾಂಕ್ಲಿನ್ ಮನೆ ಕಾಯುವ ವಿಧಾನ ಅಚ್ಚು ಹಾಕಿದ್ದರು. ಮಾಡಿನಿಂದ ಆರೆಂಟು ಅಡಿ ಮೇಲೆ ಕಬ್ಬಿಣದ ಸಲಾಕೆ, ತುದಿಗೆ ಹೆಣಿಗೆ ಸೂಜಿಯಷ್ಟು ದಪ್ಪದ ಚೂಪು ಹಿತ್ತಾಳೆ ತಂತಿ, ಕೆಳಗಿನ ತುದಿ ಮೂರು ನಾಲ್ಕು ಅಡಿ ಹಸಿ ಮಣ್ಣಿನೊಳಗೆ. ಹಸಿ ಮಣ್ಣು ಅನ್ನೋದನ್ನು ಗಮನಿಸಿ. ಮುಂದೆ ಇನ್ನೂ ತಿದ್ದಿ, ತುದಿಯನ್ನು ಗೋಡೆಯಿಂದ ಆರೆಂಟು ಅಡಿ ದೂರ ಒಯ್ದು ಇಳಿಸಿ, ಇಲ್ಲದಿದ್ದರೆ ಅಡಿಪಾಯದ ಕಲ್ಲು ಹಾಳಾಗುತ್ತೆ ಅಂದರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಹಾಕಿಕೊಳ್ಳಲಿ ಅಂತ ಬಿಟ್ಟರು.

ತಮ್ಮ ಮನೆಯ ಸಲಾಕೆಗೆ ಮಾತ್ರ ನಡುವೆ ಎರಡು ಗಂಟೆ ಕಟ್ಟಿದ್ದರು. ಮೋಡ ಬಂದರೆ ತಾನಾಗಿ ಟಣಟಣ. 1757ರಲ್ಲಿ ಕೆಲಸದ ಮೇಲೆ ಲಂಡನ್‌ಗೆ ಹೋದಾಗ ಹೆಂಡತಿ ಡೆಬೋರಾ ಆ ಸದ್ದಿಗೆ ಹೆದರಿ ಕಾಗದ ಬರೆದರು. ಎರಡು ಗಂಟೆಗಳ ನಡುವೆ ಒಂದು ತಂತಿ ಕಟ್ಟಿಬಿಡು, ಸದ್ದಿಲ್ಲದೆ ನೆಲಕ್ಕೆ ಇಳಿದುಹೋಗುತ್ತೆ ಅಂತ ಉತ್ತರ ಬಂತು. ಡೆಬೋರಾಗೆ ಸಮುದ್ರದ ಹೆದರಿಕೆ, ಲಂಡನ್‌ಗೆ ಬರಲೇ ಇಲ್ಲ. 1764ರಲ್ಲಿ ಗಂಡ ಮತ್ತೆ ಹೋದವರು ಹತ್ತು ವರ್ಷವಾದ್ರೂ ತಿರುಗಿ ಬರಲಿಲ್ಲ. 1774ರ ಡಿಸೆಂಬರ್‌ನಲ್ಲಿ ಅವರು ತೀರಿಹೋದಾಗಲೂ ಫ್ರಾಂಕ್ಲಿನ್ ಲಂಡನ್‌ನಲ್ಲೇ.

ಈಗ ನಮ್ಮ ಮೆಷಿನ್‌ಗೆ ಬರೋಣ. ಊರಿಗೆ ಹೋಗಿ ಮನೆ ಹಿಂದೆ ಸಣ್ಣ ಶೆಡ್ ಹಾಕಿ ಸಾ, ಪ್ಲೇನರ್ ಇಡಬೇಕು ಅಂತ ದುಡ್ಡು ಕೂಡಿಸುವವರು ನಮ್ಮಲ್ಲಿ ಎಷ್ಟೋ ಮಂದಿ. ಮೋಟಾರಿನ ಸುತ್ತುವಯರಿನ ಹೊದಿಕೆ ಸವೆದರೆ, ಹುಡಿ ತೇವ ಹಿಡಿದರೆ, ಎಲ್ಲೋ ವಯರ್ ಕಬ್ಬಿಣಕ್ಕೆ ಸಿಕ್ಕಿ ಸೀಳಿದರೆ ಮೆಷಿನ್ನಿನ ಮೈಗೇ ಕರೆಂಟ್ ಬರುತ್ತೆ. ಮೆಷಿನ್ ಮಾಮೂಲಿನಂತೆ ಓಡ್ತಾ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಟೇಬಲ್ ಮುಟ್ಟಿದವನೇ ಫ್ರಾಂಕ್ಲಿನ್ನರ ಪ್ರಯೋಗದ ಆ ಬೆರಳು. ಹತ್ತು ಹದಿನಾರು ಮಿಲಿ ಆಂಪಿಯರ್ ಸಾಕು, ಹಿಡಿದ ಕೈ ಬಿಡಿಸಲು ಆಗಲ್ಲ.

ಸಿಡಿಲಿನ ಸಲಾಕೆಗೂ ಮೆಷಿನ್ ಅರ್ಥಿಂಗ್‌ಗೂ ಒಂದು ವ್ಯತ್ಯಾಸ ಇದೆ, ಇದನ್ನು ಎಲೆಕ್ಟ್ರಿಷಿಯನ್‌ಗಳೇ ಕೆಲವೊಮ್ಮೆ ಗಣನೆಗೆ ತಗೊಳ್ಳಲ್ಲ. ಸಿಡಿಲು ಮಣ್ಣಿಗೆ ಇಳಿದರೆ ಕೆಲಸ ಮುಗೀತು. ಮನೆಯಲ್ಲಿ ಮಾತ್ರ ತಪ್ಪು ದಾರಿಯ ಕರೆಂಟ್ ಬೋರ್ಡಿನ ಸ್ವಿಚ್ಚನ್ನು ಬೀಳಿಸಬೇಕು. ಲೆಕ್ಕ ನೋಡಿ: ಊರಿನ ಅರ್ಥ್ ಗುಂಡಿಯ ರೆಸಿಸ್ಟೆನ್ಸ್ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯೋದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಳಲ್ಲ. ಅದಕ್ಕೇ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಹೋದ ಕರೆಂಟ್, ವಾಪಸ್ ಬಂದ ಕರೆಂಟ್ ಎರಡನ್ನೂ ಹೋಲಿಸಿ, ವ್ಯತ್ಯಾಸ ಬಂದ ತಕ್ಷಣ ಅದು ಬೀಳುತ್ತೆ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಬೇಕು. ಆರ್‌ಸಿಸಿಬಿ ಇದೆ ಅಂತ ಅರ್ಥ್ ವಯರ್ ಬಿಡೋದಲ್ಲ, ಎರಡೂ ಬೇಕು. ಕರಾವಳಿಯ ಕೆಂಪು ಕಲ್ಲಿನ ಜಾಗದಲ್ಲಿ ಏಪ್ರಿಲ್ ಮೇ ಬಂದರೆ ಗುಂಡಿ ಒಣಗಿ ಕಲ್ಲಾಗಿರುತ್ತೆ, ನೀರು ಹಾಕಬೇಕು. ಹಸಿ ಮಣ್ಣು ಅಂತ ಫ್ರಾಂಕ್ಲಿನ್ ಸುಮ್ಮನೆ ಬರೆದದ್ದಲ್ಲ. ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರು ತೂತಿದ್ದು ಒಳಗೆ ಎರಡೇ ವಯರ್ ಇದ್ದರೆ ಆ ತೂತು ಬರೀ ಅಲಂಕಾರ. ಕೈಯಲ್ಲಿ ಹಿಡಿಯುವ ಡ್ರಿಲ್ ಮೇಲೆ ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ಹೊದಿಕೆ ಇದೆ, ಅರ್ಥ್ ಬೇಡ. ಗುರುತಿಲ್ಲದ ಕಬ್ಬಿಣದ ಮೆಷಿನ್‌ಗೆ ಬೇಕೇ ಬೇಕು.

ಫ್ರಾಂಕ್ಲಿನ್ 1790ರ ಏಪ್ರಿಲ್ 17ರಂದು ಫಿಲಡೆಲ್ಫಿಯಾದಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಡೆಬೋರಾ ಪಕ್ಕದಲ್ಲೇ ಸಮಾಧಿ. ಉಯಿಲಿನಲ್ಲಿ ತಮ್ಮನ್ನು ಮೊದಲು ಕರೆದುಕೊಂಡದ್ದು ಪ್ರಿಂಟರ್ ಅಂತ, ರಾಯಭಾರಿ ಪದವಿ ಆಮೇಲೆ. ಬಾಸ್ಟನ್, ಫಿಲಡೆಲ್ಫಿಯಾ ಎರಡೂ ಊರಿಗೆ ಸಾವಿರ ಸಾವಿರ ಪೌಂಡ್ ಇಟ್ಟು, ಕಸುಬು ಕಲಿತು ಮುಗಿಸಿದ, ಮದುವೆಯಾದ, 25 ವರ್ಷದೊಳಗಿನ ಕೆಲಸಗಾರರಿಗೆ ಸ್ವಂತ ಅಂಗಡಿ ಹಾಕೋಕೆ ಕಡಿಮೆ ಬಡ್ಡಿಗೆ ಸಾಲ ಕೊಡಿ, ಇನ್ನೂರು ವರ್ಷ ನಡೆಸಿ ಅಂತ ಬರೆದಿಟ್ಟರು. ಬಾಸ್ಟನ್ನಿನ ಪಾಲಿನ ಹಣ ಬೆಳೆದು, ಅದರಿಂದ 1908ರಲ್ಲಿ ಅಲ್ಲೊಂದು ಕಸುಬಿನ ಶಾಲೆ ಶುರುವಾಯಿತು. ಅವರ ಹೆಸರಿನಲ್ಲೇ ಬೆಳೆದ ಆ ಸಂಸ್ಥೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸವನ್ನೂ ಕಲಿಸುತ್ತಾ ಬಂದಿದ್ದಾರೆ.