ಪಾಲಾರ್ ತೀರದ ಒಂದು ವಂಶದ ಮೂಲಮಾತೆ

ನಮ್ಮ ಬೇತಮಂಗಲದ ಕೆರೆಯನ್ನು ತುಂಬುವ ಪಾಲಾರ್ ನದಿಯು ಮುಂದೆ ತಮಿಳು ಸೀಮೆಯನ್ನು ಹೊಕ್ಕು, ವಾಣಿಯಂಬಾಡಿ ಆಂಬೂರುಗಳನ್ನು ದಾಟಿ ರಾಯವೇಲೂರಿನ ಮಗ್ಗುಲಲ್ಲಿ ಸಾಗುತ್ತದೆ. ಕಠಿಣವಾದ ವ್ಯಾಧಿಯುಂಟಾದಾಗ ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕಾಟ್ಪಾಡಿಯಲ್ಲಿಳಿದು, ವೇಲೂರಿನ ಆಸ್ಪತ್ರೆಗೆ ಹೋಗಿಬಂದವರು ನಮ್ಮ ವಾಚಕರಲ್ಲಿಯೂ ಅನೇಕರಿರಬಹುದು. ಅದನ್ನು ಸ್ಥಾಪಿಸಿದ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರ ಹೆಸರನ್ನು ಎಲ್ಲರೂ ಬಲ್ಲರು; ಅವರ ಅಜ್ಜಿಯ ಹೆಸರನ್ನು ಬಲ್ಲವರು ವಿರಳ. ವಂಶಾವಳಿಯನ್ನು ಗಂಡಸರ ಹೆಸರಿನಿಂದ ಬರೆಯುವುದು ಲೋಕರೂಢಿಯಷ್ಟೆ. ಆದಕಾರಣ ನಾವು ಆ ಅಜ್ಜಿಯಿಂದಲೇ ಈ ಚರಿತ್ರೆಯನ್ನು ಆರಂಭಿಸುತ್ತೇವೆ.

ಅವರ ತವರಿನ ಹೆಸರು ಹ್ಯಾರಿಯೆಟ್ ವಾಟರ್‌ಬರಿ. ನ್ಯೂಯಾರ್ಕ್ ನಗರದ ವೈದ್ಯರಾದ ಜಾನ್ ಸ್ಕಡರ್ ಎಂಬವರನ್ನು ವಿವಾಹವಾಗಿ, 1819ನೆಯ ಇಸವಿ ಜೂನ್ ತಿಂಗಳಲ್ಲಿ ಎಳೆಯ ಹೆಣ್ಣುಮಗುವನ್ನೆತ್ತಿಕೊಂಡು ಬಾಸ್ಟನ್ ರೇವಿನಲ್ಲಿ ಪತಿಯೊಡನೆ ಹಡಗನ್ನೇರಿದರು. ಕಲ್ಕತ್ತೆಯನ್ನು ತಲಪಿದ ಸ್ವಲ್ಪಕಾಲದಲ್ಲಿಯೇ ಆ ಮಗು ತೀರಿಕೊಂಡಿತು. ಮಡಿಲು ಬರಿದಾದರೂ ಅವರು ಹಿಂದಿರುಗಲಿಲ್ಲ. ಸಿಂಹಳದಲ್ಲಿ ಬಹುವರ್ಷಗಳಿದ್ದು, 1836ರಲ್ಲಿ ಮದ್ರಾಸಿಗೆ ಬಂದು, 1849ರಲ್ಲಿ ಅಲ್ಲಿಯೇ ದೇಹವಿಟ್ಟರು. ಅವರ ಪುತ್ರರಲ್ಲಿ ಮೂವರು 1853ರಲ್ಲಿ ಆರ್ಕಾಟ್ ಮಿಷನ್ನನ್ನು ಸ್ಥಾಪಿಸಿದರು. ಮತ್ತೊಬ್ಬ ಪುತ್ರರಾದ ಜಾನರ ಮಗಳೇ ಐಡಾ.

ಐಡಾ 1870ರಲ್ಲಿ ಪಾಲಾರ್ ದಡದ ರಾಣಿಪೇಟೆಯಲ್ಲಿ, ಐವರು ಅಣ್ಣಂದಿರ ತಂಗಿಯಾಗಿ ಜನಿಸಿದರು. ನಮ್ಮ ಸೀಮೆಯ ಹಿರಿಯರು ಹೇಳುತ್ತಿದ್ದ ಧಾತು ಸಂವತ್ಸರದ ಘೋರ ಕ್ಷಾಮವನ್ನು ಬಾಲ್ಯದಲ್ಲಿಯೇ ಕಂಡರು. ಪ್ರಾಯಶಃ ಅದರಿಂದಲೇ ಈ ದೇಶದ ವಾಸವೂ ಮನೆತನದ ವೃತ್ತಿಯೂ ಅವರಿಗೆ ಬೇಡವಾಗಿದ್ದವು. ಅಮೆರಿಕದಲ್ಲಿ ವ್ಯಾಸಂಗ ಮುಗಿಸಿ, ತಾಯಿಯ ಅನಾರೋಗ್ಯದ ನಿಮಿತ್ತ ತಿಂಡಿವನಕ್ಕೆ ಬಂದರಾದರೂ, ಬೇಗನೆ ಹಿಂದಿರುಗುವುದೇ ಅವರ ಸಂಕಲ್ಪವಾಗಿತ್ತು. ಒಂದು ರಾತ್ರಿ ಮೂರು ಮನೆಗಳ ಗಂಡಸರು ಒಬ್ಬರಾದ ಮೇಲೊಬ್ಬರು ಬಂದು, ಪ್ರಸವವೇದನೆಯಲ್ಲಿದ್ದ ತಮ್ಮ ಪತ್ನಿಯರ ಸಹಾಯಕ್ಕೆ ಬರಬೇಕೆಂದು ಐಡಾರನ್ನು ಬೇಡಿಕೊಂಡರು. ವೈದ್ಯರಾದ ತಂದೆಯನ್ನು ಕಳುಹಿಸುವೆನೆಂದಾಗ, ಪರಪುರುಷನು ನೋಡಕೂಡದೆಂದು ಮೂವರೂ ಹೊರಟುಹೋದರು. ಬೆಳಗಾಗುವಷ್ಟರಲ್ಲಿ ಮೂವರು ಸ್ತ್ರೀಯರೂ ಮೃತರಾಗಿದ್ದರು. ಆ ದಿನ ಐಡಾರ ಸಂಕಲ್ಪವು ಬದಲಾಯಿತು.

ಅಮೆರಿಕದಲ್ಲಿ ವೈದ್ಯಪರೀಕ್ಷೆಯಲ್ಲಿ ಉತ್ತೀರ್ಣರಾಗಿ 1900ರಲ್ಲಿ ವೇಲೂರಿಗೆ ಬಂದರು. ಅದೇ ವರ್ಷ ತಂದೆಯು ತೀರಿಹೋದರು. ಮನೆಯ ಒಂದು ಚಿಕ್ಕ ಕೋಣೆಯಲ್ಲಿ ಚಿಕಿತ್ಸೆ ಪ್ರಾರಂಭವಾಗಿ, 1902ರಲ್ಲಿ ಸ್ತ್ರೀಯರ ಆಸ್ಪತ್ರೆ ಎದ್ದಿತು. ಗುಡಿಯಾತ್ತಂ ರಸ್ತೆಯ ಬದಿಯಲ್ಲಿ, ಮರದ ನೆರಳಿನಲ್ಲಿ, ಹಳ್ಳಿಗರಿಗೆ ಔಷಧ ಕೊಡುವ ಏರ್ಪಾಡೂ ಆಯಿತು. ಒಬ್ಬ ವೈದ್ಯೆಯಿಂದ ಇಷ್ಟು ಜನರ ದುಃಖ ತೀರದೆಂದು ಕಂಡು, 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಶಾಲೆಯನ್ನು ತೆರೆದರು. 1922ರಲ್ಲಿ ಮೊದಲನೆಯ ತಂಡದ 14 ಮಂದಿ ವೈದ್ಯೆಯರಾಗಿ ಹೊರಬಂದರು. ಅಮ್ಮನವರು 1960ನೆಯ ಮೇ ತಿಂಗಳಲ್ಲಿ, 89ನೆಯ ವಯಸ್ಸಿನಲ್ಲಿ, ಕೊಡೈಕಾನಲಿನಲ್ಲಿ ಕಾಲವಾದರು.

ಅವರು ಮದುವೆಯಾಗಲಿಲ್ಲ, ರಕ್ತಸಂಬಂಧದ ವಂಶಾವಳಿಯಲ್ಲಿ ಅವರ ಕವಲು ಅಲ್ಲಿಗೆ ನಿಂತಿತು. ಆದರೆ ಅವರ ಶಿಷ್ಯಪರಂಪರೆಯವರು ಇಂದಿಗೂ ರೋಗಿಗಳ ಮಂಚದ ಬಳಿ ನಿಂತಿದ್ದಾರೆ. ಇದೂ ಸಂತತಿಯೇ ಅಲ್ಲವೆ?

ಪೋಷಕರಲ್ಲಿ ನಮ್ಮ ವಿಜ್ಞಾಪನೆಯೊಂದಿದೆ. ಓದಲು ಬಯಸುವ ಮಗಳನ್ನು ನಡುವೆ ಬಿಡಿಸಬೇಡಿರಿ. ಒಂದು ಊರಿಗೆ ಒಬ್ಬ ವೈದ್ಯೆ ಇಲ್ಲದುದರ ಬೆಲೆಯನ್ನು ತಿಂಡಿವನದ ಮೂರು ಮನೆಗಳು ತೆತ್ತವು. ಹಳೆಯ ವಿದ್ಯಾರ್ಥಿನಿಯರಾದ ನೀವು ನಿಮ್ಮ ಮನೆತನದ ಚರಿತ್ರೆಯನ್ನು ಬರೆಯುವಾಗ, ಅಜ್ಜಿಯ ಹೆಸರನ್ನೂ ಅವರ ತವರಿನ ಹೆಸರನ್ನೂ ಮೊದಲು ಬರೆಯಿರಿ.