ಕೆಳದಿ ರಾಜ್ಯದಲ್ಲಿ ಸಂಚರಿಸಿದ ಸಂತ

ಶಿವಮೊಗ್ಗ, ಭದ್ರಾವತಿಗಳ ಕ್ಯಾಥೊಲಿಕ್ ವಿದ್ಯಾರ್ಥಿಗಳು ಧರ್ಮಬೋಧೆಯ ಪಾಠದಲ್ಲಿ ಸಂತರ ಚಿಹ್ನೆಗಳನ್ನು ಕಲಿಯುವುದುಂಟು. ಚಿತ್ರದಲ್ಲಿ ಬೀಗದ ಕೈಗಳಿದ್ದರೆ ಪೇತ್ರನೆಂದೂ, ಖಡ್ಗವಿದ್ದರೆ ಪೌಲನೆಂದೂ, ಹದ್ದು ಇದ್ದರೆ ಯೊವಾನ್ನನೆಂದೂ ಅವರು ಕ್ಷಣಮಾತ್ರದಲ್ಲಿ ಗುರುತಿಸಬಲ್ಲರು. ಈ ಜ್ಞಾನವು ಅವಶ್ಯವಾದುದೇ. ಆದರೆ ಗುರುತನ್ನು ಬಲ್ಲ ಮಾತ್ರಕ್ಕೆ ಗುಣವನ್ನು ಬಲ್ಲಂತಾಗುವುದಿಲ್ಲ. ಸಂತರೆಂದರೆ ಸಮುದ್ರದಾಚೆಯವರೆಂಬ ಭಾವನೆಯು ಬಾಲಕರಲ್ಲಿ ಸುಲಭವಾಗಿ ನೆಲೆಗೊಳ್ಳುತ್ತದೆ. ಕ್ರೈಸ್ತಮತವು ಪರದೇಶದ ದೊರೆಗಳ ಆಶ್ರಯದಲ್ಲಿ ಮಾತ್ರವೇ ಬೆಳೆದುದೆಂಬ ಎಣಿಕೆಯು ಇತರ ವಾಚಕರಲ್ಲಿ ಹಲವರಿಗೂ ಇದೆ. ಇವೆರಡನ್ನೂ ತಿದ್ದಬಲ್ಲ ಒಂದು ಜೀವನಚರಿತ್ರೆಯನ್ನು ಇಂದು ನಾವು ವಾಚಕರ ಮುಂದಿಡುತ್ತೇವೆ.

ಸಂತ ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ಬ್ರಾಹ್ಮಣ ಮೂಲದ ಕೊಂಕಣಿ ಕ್ರೈಸ್ತ ಮನೆತನದಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬಾಳಬೇಕೆಂದು ಬರಿಗಾಲಿನಲ್ಲಿ ನಡೆಯತೊಡಗಿದರು. ಮರುವರ್ಷವೇ ತಮ್ಮನ್ನು ಮಾತೆ ಮರಿಯಳ ದಾಸನೆಂದು ಅರ್ಪಿಸಿಕೊಂಡು ದಾಸ್ಯಪತ್ರವೊಂದನ್ನು ಬರೆದುಕೊಟ್ಟರು. ಕ್ರಿಸ್ತನು ದಾಸರೂಪವನ್ನು ತಾಳಿದನೆಂದು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಓದುವ ವಿದ್ಯಾರ್ಥಿಗೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯವು ದೊರೆಯಲಾರದು.

1681ರಲ್ಲಿ ಅವರನ್ನು ಕನ್ನಡ ಕರಾವಳಿಗೆ ಕಳುಹಿಸಲಾಯಿತು. ಆ ಸೀಮೆಯು ಆಗ ಕೆಳದಿಯ ಅರಸರಿಗೆ ಸೇರಿದ್ದಿತು. ರಾಜಧಾನಿಯಾದ ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಗದ್ದುಗೆಯ ಮೇಲಿದ್ದವಳು ವೀರಶೈವ ರಾಣಿ ಚೆನ್ನಮ್ಮಾಜಿ. ಪೋರ್ಚುಗೀಸರೊಡನೆ ಕೆಳದಿಗೆ ಸ್ನೇಹವೂ ಇದ್ದಿತು, ವೈರವೂ ಇದ್ದಿತು. ಆದರೂ 1678ರ ಒಪ್ಪಂದದಂತೆ ಕರಾವಳಿಯ ಕೆಲವೆಡೆ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆತಿದ್ದಿತು. ಗೋವೆಯಿಂದ ವಲಸೆ ಬಂದು ನೆಲೆಸಿದ್ದ ಕ್ರೈಸ್ತರಿಗೆ ಸಾಕಷ್ಟು ಗುರುಗಳಿರಲಿಲ್ಲ. ವಾಜರು ಮಂಗಳೂರು, ಬಸರೂರು, ಬಾರ್ಕೂರು, ಮೂಲ್ಕಿ, ಕಲ್ಯಾಣಪುರಗಳಲ್ಲಿ ಸಂಚರಿಸಿ, ಇಗರ್ಜಿಗಳನ್ನೂ ಪಾಠಶಾಲೆಗಳನ್ನೂ ಏರ್ಪಡಿಸಿದರು. ಆ ಪ್ರಾಂತದ ಧರ್ಮಾಧಿಕಾರವು ಪೋರ್ಚುಗಲ್ ದೊರೆಯ ಕಡೆಯವರಿಗೋ, ರೋಮಿನಿಂದ ನೇಮಕವಾದವರಿಗೋ ಎಂಬ ಕಠಿನವಾದ ವಿವಾದವೊಂದು ಆಗ ನಡೆಯುತ್ತಿದ್ದಿತು. ಅದನ್ನು ಕೆರಳಿಸದೆ ಸಾಮರಸ್ಯಕ್ಕೆ ಯತ್ನಿಸಿದುದು ಅವರ ವಿವೇಕ. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಪ್ರಾರ್ಥನೆಯಿಂದ ನೀರು ಚಿಮ್ಮಿತೆಂಬುದು ಭಕ್ತರ ನಂಬಿಕೆ. ಇಂದಿಗೂ ಅಲ್ಲಿ ಯಾತ್ರೆ ನಡೆಯುತ್ತದೆ.

1684ರಲ್ಲಿ ಅವರು ಗೋವೆಗೆ ಮರಳಿದರು. ಅಷ್ಟರಲ್ಲಿ ಸಿಂಹಳದ ಸಂಕಟವು ಅವರ ಮನಸ್ಸನ್ನು ಸೆಳೆದಿದ್ದಿತು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಆ ದ್ವೀಪದಿಂದ ಹೊರದೂಡಿ, ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ ವಾಜರು ಬಡ ಕೂಲಿಯ ವೇಷದಲ್ಲಿ ಯಾಳ್ಪಾಣವನ್ನು ಸೇರಿ, ರಾತ್ರಿಯ ವೇಳೆ ಮನೆಮನೆಗೂ ಹೋಗಿ ಗುಟ್ಟಾಗಿ ಪೂಜೆ ನೆರವೇರಿಸಿದರು. ಅವರ ಬೆನ್ನಿಗೆ ಯಾವ ರಾಜ್ಯದ ಸೈನ್ಯವೂ ಇರಲಿಲ್ಲ, ಯಾವ ಕೋಟೆಯ ಫಿರಂಗಿಯೂ ಇರಲಿಲ್ಲ. 1692ರಲ್ಲಿ ಕ್ಯಾಂಡಿಗೆ ಹೋದಾಗ ಅಲ್ಲಿಯ ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನು ಇವರನ್ನು ಪೋರ್ಚುಗೀಸರ ಗೂಢಚಾರನೆಂದು ಶಂಕಿಸಿ ಸೆರೆಯಲ್ಲಿರಿಸಿದನು. ಆ ಶಂಕೆಯನ್ನು ಕಳೆದುದು ವಾದವಲ್ಲ, ನಡತೆ. 1697ರಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಸ್ವಂತ ಬಂಧುಗಳೇ ತೊರೆದು ಹೋದಾಗ, ವಾಜರು ಮತಭೇದವೆಣಿಸದೆ ಅವರಿಗೆ ಅನ್ನವಿಟ್ಟರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯವು ಅಂತ್ಯನ್ಯಾಯಕ್ಕೆ ಒರೆಗಲ್ಲಾಗಿ ಇಟ್ಟಿರುವುದೂ ಹಸಿದವರ, ರೋಗಿಗಳ, ಸೆರೆಯವರ ಸೇವೆಯನ್ನೇ ಅಲ್ಲವೆ?

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿಯೇ ದೇಹವನ್ನು ಬಿಟ್ಟರು. 1995ರಲ್ಲಿ ಪುನೀತರೆಂದೂ, 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರಿಂದ ಸಂತರೆಂದೂ ಘೋಷಿತರಾದರು. ಮೂರು ಶತಮಾನಗಳಷ್ಟು ತಡವಾಗಿ ಬಂದ ಈ ಮನ್ನಣೆಯಿಂದ ಅವರ ಕಾರ್ಯಕ್ಕೆ ಹೊಸದಾಗಿ ಸೇರಿದುದೇನೂ ಇಲ್ಲ. ಅದನ್ನು ಮರೆತಿದ್ದ ನಮಗೆ ನೆನಪು ಬಂದಿತು, ಅಷ್ಟೇ.

ಚಿತ್ರಗಳಲ್ಲಿ ವಾಜರ ಕೈಯಲ್ಲಿ ಶಿಲುಬೆಯಿರುತ್ತದೆ. ಆ ಶಿಲುಬೆಯ ಅರ್ಥವನ್ನು ಹೇಳಿಕೊಡುವ ಉಪಾಧ್ಯಾಯರು ಪುಸ್ತಕದ ವಾಕ್ಯಕ್ಕೆ ನಿಲ್ಲದೆ, ವಿದ್ಯಾರ್ಥಿಗಳನ್ನು ಒಮ್ಮೆ ನಗರದ ಕೋಟೆಗೆ ಕರೆದೊಯ್ಯಲಿ. ಈ ಕೋಟೆಯಿಂದ ಆಳಿದ ವೀರಶೈವ ರಾಣಿಯ ಸೀಮೆಯಲ್ಲಿ, ಘಟ್ಟದ ಕೆಳಗೆ, ಈ ದೇಶದ ಮಣ್ಣಿನಲ್ಲೇ ಹುಟ್ಟಿದ ಗುರುವೊಬ್ಬನು ಬರಿಗಾಲಿನಲ್ಲಿ ನಡೆದು ದುಡಿದನೆಂದು ತಿಳಿಸಲಿ. 1988ರಿಂದ ಸ್ವಂತ ಧರ್ಮಪ್ರಾಂತ್ಯವನ್ನು ಹೊಂದಿರುವ ಶಿವಮೊಗ್ಗೆಯ ಬಾಲಕರಿಗೆ ಈ ಪಾಠವು ಪರೀಕ್ಷೆಯ ಅಂಕಗಳಿಗಿಂತ ಹೆಚ್ಚಿನ ಬೆಲೆಯುಳ್ಳದ್ದೆಂದು ನಾವು ನಂಬುತ್ತೇವೆ. ಕ್ರೈಸ್ತರಲ್ಲದ ಬಾಲಕರೂ ಜೊತೆಗೆ ಹೋಗಿ ಕೇಳಲಿ ಎಂಬುದು ನಮ್ಮ ಅಪೇಕ್ಷೆ.