ಹನ್ನೊಂದು ಕಿಲೋ ಕಂಪ್ಯೂಟರ್‌ನ ಒಡೆಯ ಆಡಂ ಆಸ್ಬೋರ್ನ್

ಸೊಲ್ಲಾಪುರದ ಚಾದರ ನೇಯುವ ಜಕಾರ್ಡ್ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳು ಸಾಲಾಗಿ ತಿರುಗುವುದನ್ನು ಜಿಲ್ಲೆಯ ಜನ ನೋಡಿಯೇ ಇರುತ್ತಾರೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಮೊದಮೊದಲ ಕಂಪ್ಯೂಟರ್‌ಗಳಿಗೂ ಲೆಕ್ಕ ಉಣಿಸುತ್ತಿದ್ದುದು ಇಂಥದೇ ತೂತಿನ ಕಾರ್ಡ್‌ಗಳಿಂದ. ಕೋಣೆ ತುಂಬುತ್ತಿದ್ದ ಆ ಯಂತ್ರ ಕೈಯಲ್ಲಿ ಹಿಡಿದೊಯ್ಯುವ ಪೆಟ್ಟಿಗೆಯಾಗಿ ಮಾರುಕಟ್ಟೆಯಲ್ಲಿ ಗೆದ್ದದ್ದು 1981ರಲ್ಲಿ. ಗೆಲ್ಲಿಸಿದವರು ಆಡಂ ಆಸ್ಬೋರ್ನ್. ವಿಶೇಷವೆಂದರೆ ಅವರು ಬಾಲ್ಯ ಕಳೆದದ್ದೂ ಕೊನೆಯುಸಿರೆಳೆದದ್ದೂ ತಮಿಳುನಾಡಿನಲ್ಲಿ.

ಆಡಂ ಹುಟ್ಟಿದ್ದು 1939ರ ಮಾರ್ಚ್ 6ರಂದು ಬ್ಯಾಂಕಾಕ್‌ನಲ್ಲಿ. ತಂದೆ ಆರ್ಥರ್ ಆಸ್ಬೋರ್ನ್ ಇಂಗ್ಲಿಷರು, ತಾಯಿ ಲೂಸಿಯಾ ಪೋಲೆಂಡಿನವರು. ಆರ್ಥರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜಪಾನಿಯರು ಅವರನ್ನು ಸೆರೆಯಲ್ಲಿಟ್ಟರು. ಆ ವರ್ಷಗಳಲ್ಲಿ ತಾಯಿ ಮಕ್ಕಳೊಂದಿಗೆ ತಿರುವಣ್ಣಾಮಲೈನ ರಮಣ ಮಹರ್ಷಿಗಳ ಆಶ್ರಮದ ಆಸರೆಯಲ್ಲಿದ್ದರು. ಯುದ್ಧ ಮುಗಿದ ಮೇಲೆ ಆರ್ಥರ್ ಸಹ ಅಲ್ಲಿಗೇ ಬಂದರು. ರಮಣರ ಬಗ್ಗೆ ಬರೆದ ಅವರು ಶಿರಡಿ ಸಾಯಿಬಾಬಾರ ಕುರಿತೂ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಕ್ಕಲಕೋಟದ ಸ್ವಾಮಿ ಸಮರ್ಥರ ಮಠದ ಸುತ್ತ ಬೆಳೆಯುವ ಮಕ್ಕಳಂತೆಯೇ ಆಡಂ ಕೂಡ ಭಕ್ತರ ನಡುವೆ ಬೆಳೆದರು. ತಂದೆಯದೊಂದು ಭಾಷೆ, ತಾಯಿಯದೊಂದು, ಬೀದಿಯದು ಇನ್ನೊಂದು. ಕೊಡೈಕೆನಾಲ್‌ನ ಕಾನ್ವೆಂಟಿನಲ್ಲಿ ಓದಿ, ಹನ್ನೊಂದನೇ ವಯಸ್ಸಿಗೆ ಇಂಗ್ಲೆಂಡಿಗೆ ಹೋದರು.

ಬರ್ಮಿಂಗ್‌ಹ್ಯಾಮ್‌ನಲ್ಲಿ 1961ರಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಆಡಂ ಅಮೆರಿಕಕ್ಕೆ ತೆರಳಿ ಡೆಲವೇರ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗಳಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ತೈಲ ಕಂಪನಿಯ ನೌಕರಿ ಸಿಕ್ಕಿತು. ಆದರೆ ಅವರ ಮನಸ್ಸು ಕಂಪ್ಯೂಟರ್ ಕಡೆ ವಾಲಿತ್ತು. ನೌಕರಿ ಬಿಟ್ಟು, ಮೈಕ್ರೋ ಕಂಪ್ಯೂಟರ್ ಎಂದರೇನು ಎಂಬುದನ್ನು ಸರಳವಾಗಿ ವಿವರಿಸುವ ಪುಸ್ತಕ ಬರೆದರು. ಪ್ರಕಾಶಕರಿಗೆ ಕಾಯದೆ ತಾವೇ ಅಚ್ಚು ಹಾಕಿಸಿದರು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಒಂದರ ಹಿಂದೆ ಒಂದರಂತೆ ಹತ್ತಾರು ಪುಸ್ತಕ ತಂದ ಆ ಪ್ರಕಾಶನವನ್ನು 1979ರಲ್ಲಿ ಮೆಕ್‌ಗ್ರಾ-ಹಿಲ್ ಸಂಸ್ಥೆ ಕೊಂಡುಕೊಂಡಿತು.

ಆ ಹಣ ಹೊಸ ಸಾಹಸಕ್ಕೆ ಬಂಡವಾಳವಾಯಿತು. ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಹವ್ಯಾಸಿಗಳಲ್ಲಿ ಒಬ್ಬರಾದ ಲೀ ಫೆಲ್ಸೆನ್‌ಸ್ಟೈನ್ ಯಂತ್ರದ ವಿನ್ಯಾಸ ಮಾಡಿದರು. 1981ರ ಏಪ್ರಿಲ್‌ನಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದ ಮೇಳದಲ್ಲಿ 'ಆಸ್ಬೋರ್ನ್ 1' ಪ್ರದರ್ಶನಗೊಂಡಿತು. ಮುಚ್ಚಳ ಹಾಕಿದ ಹೊಲಿಗೆ ಯಂತ್ರದಂತಿದ್ದ ಅದರ ತೂಕ ಸುಮಾರು 11 ಕಿಲೋ. ಮುಚ್ಚಳ ಬಿಚ್ಚಿದರೆ ಅದೇ ಕೀಬೋರ್ಡ್. ಅಂಗೈ ಅಗಲದ 5 ಇಂಚಿನ ಪರದೆ, ಎರಡು ಫ್ಲಾಪಿ ಡ್ರೈವ್, 64 ಕಿಲೋಬೈಟ್ ನೆನಪಿನ ಶಕ್ತಿ. ವಿಮಾನದ ಸೀಟಿನ ಕೆಳಗೆ ಹಿಡಿಸುವಂತೆ ಅಳತೆ ಮಾಡಲಾಗಿತ್ತು.

ಬೆಲೆ 1,795 ಡಾಲರ್. ಆಗಿನ ದರದಲ್ಲಿ 15 ಸಾವಿರ ರೂಪಾಯಿಗೂ ಮೇಲೆ. ಅಮೆರಿಕದ ಗ್ರಾಹಕರಿಗೆ ಅದು ಅಗ್ಗವೇ. ಏಕೆಂದರೆ ಪತ್ರ ಬರೆಯುವ ವರ್ಡ್‌ಸ್ಟಾರ್, ಲೆಕ್ಕ ಇಡುವ ಸೂಪರ್‌ಕ್ಯಾಲ್ಕ್, ಬೇಸಿಕ್ ಭಾಷೆ ಎಲ್ಲವೂ ಯಂತ್ರದ ಜೊತೆಗೇ ಬರುತ್ತಿದ್ದವು. ಬಿಡಿಯಾಗಿ ಕೊಂಡರೆ ಅವುಗಳಿಗೇ ಸಾವಿರ ಡಾಲರ್ ಮೀರುತ್ತಿತ್ತು. ಒಂದು ಹಂತದಲ್ಲಿ ತಿಂಗಳಿಗೆ 10 ಸಾವಿರ ಯಂತ್ರಗಳು ಮಾರಾಟವಾದವು.

ಏರಿದಷ್ಟೇ ಬೇಗ ಕಂಪನಿ ಇಳಿಯಿತು. 1983ರ ಆರಂಭದಲ್ಲಿ ಆಡಂ ತಮ್ಮ ಮುಂದಿನ ಮಾದರಿಯ ಬಗ್ಗೆ ಮೊದಲೇ ಹೇಳಿಕೊಂಡರು. ಹೊಸದು ಬರುತ್ತದೆಂದು ತಿಳಿದ ಅಂಗಡಿಯವರು ಹಳೆಯದರ ಆರ್ಡರ್ ನಿಲ್ಲಿಸಿದರು. ಗೋದಾಮು ತುಂಬಿತು, ಗಲ್ಲಾ ಬರಿದಾಯಿತು. ಹೊಸ ಸರಕಿನ ಸುದ್ದಿಯೇ ಹಳೆ ಸರಕನ್ನು ಕೊಲ್ಲುವುದಕ್ಕೆ ವ್ಯಾಪಾರಿ ಜಗತ್ತಿನಲ್ಲಿ ಆಸ್ಬೋರ್ನ್ ಪರಿಣಾಮ ಎಂಬ ಹೆಸರೇ ಬಂತು. ಇದೊಂದೇ ಕಾರಣವಲ್ಲ ಎನ್ನುವವರೂ ಇದ್ದಾರೆ. 9 ಇಂಚಿನ ಪರದೆಯ ಕೇಪ್ರೋ ಇನ್ನೂ ಕಡಿಮೆ ಬೆಲೆಗೆ ಬಂದಿತ್ತು. ಐಬಿಎಂ ಪಿಸಿಯ ಅಲೆ ಎದ್ದಿತ್ತು. ಕಂಪನಿ ಬೆಳೆದ ವೇಗಕ್ಕೆ ಲೆಕ್ಕಪತ್ರ ಜೊತೆಯಾಗಿರಲಿಲ್ಲ. ಅಂತೂ 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಆಡಂ ಕೈಕಟ್ಟಿ ಕೂರಲಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ತೆರೆದರು. ಪುಸ್ತಕದಂತೆ ಸಾಫ್ಟ್‌ವೇರ್ ಸಹ ಅಗ್ಗವಾಗಿ ಸಿಗಬೇಕು ಎಂಬುದು ಅವರ ನಿಲುವು. ಅವರ ಲೆಕ್ಕದ ಪ್ರೋಗ್ರಾಂ ತನ್ನ 1-2-3ರ ನಕಲು ಎಂದು ಲೋಟಸ್ ಕಂಪನಿ 1987ರಲ್ಲಿ ದಾವೆ ಹೂಡಿತು. 1990ರಲ್ಲಿ ತೀರ್ಪು ಲೋಟಸ್ ಪರ ಬಂತು. ಅದೇ ಲೋಟಸ್ ಬೋರ್ಲ್ಯಾಂಡ್ ಮೇಲೆ ಹೂಡಿದ್ದ ದಾವೆಯಲ್ಲಿ 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಆದೇಶಗಳ ಪಟ್ಟಿಗೆ ಕೃತಿಸ್ವಾಮ್ಯ ಇಲ್ಲ ಎಂದಿತು. ಅಷ್ಟರಲ್ಲಿ ಆಡಂ ಅವರ ವ್ಯವಹಾರ ಮುಗಿದುಹೋಗಿತ್ತು, ಆರೋಗ್ಯವೂ ಕೈಕೊಟ್ಟಿತ್ತು.

ಮಿದುಳಿನ ಕಾಯಿಲೆಯಿಂದ ಮೇಲಿಂದ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಅವರು 1990ರ ದಶಕದಲ್ಲಿ ಭಾರತಕ್ಕೆ ಮರಳಿ, ಕೊಡೈಕೆನಾಲ್‌ನಲ್ಲಿ ಸಹೋದರಿಯ ಆರೈಕೆಯಲ್ಲಿದ್ದರು. ಎಳೆಯ ವಯಸ್ಸಿನಲ್ಲಿ ಓದಿದ ಊರಲ್ಲೇ 2003ರ ಮಾರ್ಚ್ 18ರಂದು 64ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಯಂತ್ರ ಮಾತ್ರ ಮೂಲೆಗುಂಪಾಗಲಿಲ್ಲ. ಅಮೆರಿಕದ ವಸ್ತು ಸಂಗ್ರಹಾಲಯಗಳಲ್ಲಿ ಆಸ್ಬೋರ್ನ್ 1 ಇದೆ. ಹವ್ಯಾಸಿಗಳು ಇಂದಿಗೂ ಕೆಟ್ಟ ಯಂತ್ರ ಕೊಂಡು, ಸುಟ್ಟ ಕೆಪಾಸಿಟರ್ ಬದಲಿಸಿ, ಫ್ಲಾಪಿ ಡ್ರೈವ್‌ ಒರೆಸಿ, ಪುಟ್ಟ ಪರದೆಯಲ್ಲಿ ಅಕ್ಷರ ಮೂಡಿಸುತ್ತಾರೆ. ಹಾಳಾಗುವ ಮುನ್ನ ಹಳೆ ಫ್ಲಾಪಿಗಳ ನಕಲು ತೆಗೆದಿಡುತ್ತಾರೆ. ಅದರ ಒಂದೊಂದು ಚಿಪ್ಪೂ ಕಣ್ಣಿಗೆ ಕಾಣುತ್ತದೆ, ಬೆಸುಗೆ ಹಾಕಲು ಬಂದರೆ ಸಾಕು, ಮನೆಯಲ್ಲೇ ರಿಪೇರಿ ಮಾಡಬಹುದು. ಇಂದಿನ ಮೊಬೈಲ್‌ನಲ್ಲಿ ಆ ಸುಖವಿಲ್ಲ.

ಭಾರತದಲ್ಲೂ ಇಂಥ ಯಂತ್ರಗಳ ಗುರುತುಗಳಿವೆ. 1984ರಲ್ಲಿ ಆರಂಭವಾದ ಕ್ಲಾಸ್ ಯೋಜನೆಯಲ್ಲಿ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದವು. ಸಿಂಕ್ಲೇರ್ ಸ್ಪೆಕ್ಟ್ರಂ ಪುಣೆಯ ಡೆಸಿಬೆಲ್ಸ್ ಕಂಪನಿಯ ಹೆಸರಿನಲ್ಲಿ ಮಾರಾಟವಾಯಿತು. ಆ ಕಾಲದ ಯಂತ್ರ ಯಾವುದಾದರೂ ಶಾಲೆಯ ಅಟ್ಟದಲ್ಲೋ ಹಳೆ ಕಪಾಟಿನಲ್ಲೋ ಉಳಿದಿದ್ದರೆ ಗುಜರಿಗೆ ಹಾಕುವ ಮುನ್ನ ಬಲ್ಲವರಿಗೊಮ್ಮೆ ತೋರಿಸುವುದು ಒಳ್ಳೆಯದು. ಕೊನೆಗೆ ಕಂಪನಿ ಉಳಿಸಿಕೊಳ್ಳಲಾಗದ ಆಡಂ ಆಸ್ಬೋರ್ನ್ ಅವರ ಹೆಸರನ್ನು ಉಳಿಸಿದ್ದು ಹೀಗೆ ಎತ್ತಿಟ್ಟುಕೊಂಡವರೇ.